ದೋಣಿಯ ಮೂತಿಗೆ ಭಾರ: ಸಲ್ವಾದಿಂದ ಖೈರಾನ್‌ವರೆಗೆ

ಗುರುವಾರ ಬೆಳಗ್ಗೆ ಏಳಕ್ಕೆ ಮೈದಾನ್ ಹವಲ್ಲಿಯ ಮನೆಯಿಂದ ಹೊರಟೆವು. ಮಗ ಪುಷ್ಪರಾಜ ಕಾರು ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ. ಬುತ್ತಿಯಲ್ಲಿ ಅಕ್ಕಿ ಉಂಡೆಯ ಪುಂಡಿ ಮತ್ತು ಬಂಗುಡೆ ಮೀನಿನ ಸಾರು. ನಾನು ಊರಿನಿಂದ ಕುವೈತಿಗೆ ಬಂದು ಎರಡು ತಿಂಗಳಾಗಿತ್ತು. ಎತ್ತರದ ಗೋಪುರ, ದೊಡ್ಡ ಮಾಲು ಎಲ್ಲ ನೋಡಿ ಮುಗಿದಿತ್ತು. ಅವುಗಳ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ. ಈ ಎರಡು ದಿನದ ಪ್ರಯಾಣದ ಬಗ್ಗೆ ಇದೆ.

ಮಗ ಟೈಲ್ಸ್ ಅಂಗಡಿಯ ಗೋಡೌನಿನಲ್ಲಿ ಹದಿನಾಲ್ಕು ವರ್ಷದಿಂದ ಪೆಟ್ಟಿಗೆ ಎತ್ತುತ್ತಿದ್ದಾನೆ. ಸೊಂಟ ಹಾಳಾಗಿದೆ. ಬೆಳಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿಯುತ್ತಾನೆ. ಅವನ ಕಫೀಲ್, ಅಂದರೆ ಅಂಗಡಿಯ ಯಜಮಾನ ಅಬು ನಾಸರ್, ಸಲ್ವಾದ ಮನೆಯಂಗಳದಲ್ಲಿ ಹದಿನಾರು ಅಡಿಯ ಒಂದು ದೋಣಿಯನ್ನು ಚಕ್ರದ ಟ್ರೇಲರಿನ ಮೇಲೆ ಇಟ್ಟಿದ್ದ. ಅದನ್ನು ಖೈರಾನಿನಲ್ಲಿರುವ ಅವನ ಕಡಲತೀರದ ಮನೆಗೆ ಸಾಗಿಸಬೇಕಿತ್ತು. ‘ಶುಕ್ರವಾರ ಮಧ್ಯಾಹ್ನದ ನಮಾಜಿನ ಮೊದಲು ನೀನೇ ಎಳೆದುಕೊಂಡು ಬಂದರೆ ದೋಣಿ ನೋಡಿಕೊಳ್ಳುವ ಕೆಲಸ ನಿನಗೆ. ಇಲ್ಲದಿದ್ದರೆ ನನ್ನ ತಮ್ಮನ ಡ್ರೈವರ್‌ಗೆ’ ಎಂದಿದ್ದ. ಸೊಂಟ ಉಳಿಸುವ ಕೆಲಸ ಅದೊಂದೇ. ಬಿಡುವ ಪ್ರಶ್ನೆಯೇ ಇರಲಿಲ್ಲ.

ಮಗನದು ಮಧ್ಯಮ ಗಾತ್ರದ ಎಸ್‌ಯುವಿ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ, ಏನನ್ನೂ ಎಳೆದದ್ದಲ್ಲ. ಅದಕ್ಕೆ ಕೊಕ್ಕೆ ಹಾಕಿಸಲು ಹತ್ತು ಕಿಲೋಮೀಟರ್ ದೂರದ ರಾಯ್‌ಗೆ ಹೋದೆವು. ಅಲ್ಲಿ ಬೀದಿಗಳ ತುಂಬ ವರ್ಕ್‌ಶಾಪುಗಳು. ಎಂಟು ಗಂಟೆಗೇ ಬಿಸಿಲು ಮುಖಕ್ಕೆ ಒಲೆಯ ಹಾಗೆ ಬಡಿಯುತ್ತಿತ್ತು. ಕೊಕ್ಕೆಗೆ ಬೇಕಾದ ಅನುಮತಿಯ ಕಾಗದವನ್ನು ಕಫೀಲನೇ ಮಾಡಿಸಿಕೊಟ್ಟಿದ್ದ.

ಮೆಕ್ಯಾನಿಕ್ ಪಾಕಿಸ್ತಾನದವನು, ಬಿಳಿ ಗಡ್ಡ. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವನು ಮಾತಾಡಿದ್ದು ಹಿಂದಿಯಲ್ಲಿ. ಊರಿನಲ್ಲಿ ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಹೊರಗಿನವರ ಜೊತೆ ಚೌಕಾಸಿ ಮಾಡಿ ನನಗೂ ಹಿಂದಿ ಬರುತ್ತದೆ. ಮನೆಯಲ್ಲಿ ನಾವು ತುಳು ಆಡುವವರು. ಎಲ್ಲವನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಉಸ್ತಾದ್ ಕಾರಿನ ಅಡಿಗೆ ನುಗ್ಗಿದ. ಮಗ ಬಂಪರಿಗೇ ಬೆಸುಗೆ ಹಾಕಿದರೆ ಸಾಕಲ್ಲ ಎಂದ. ಉಸ್ತಾದ್ ಅಡಿಯಿಂದಲೇ, ‘ಭಾಯಿ, ಹಾಗೆ ಮಾಡಿದರೆ ಬಂಪರ್ ದೋಣಿಯ ಜೊತೆ ಉಳಿಯುತ್ತದೆ, ನೀನು ಮಾತ್ರ ಖೈರಾನ್ ಸೇರುತ್ತೀಯ’ ಎಂದ. ಕಬ್ಬಿಣದ ಅಡ್ಡಪಟ್ಟಿಯನ್ನು ಕಾರಿನ ಅಡಿಯ ಚೌಕಟ್ಟಿಗೇ ಬೋಲ್ಟ್ ಹಾಕಿ ಕೂರಿಸಿದ. ಅದರ ತುದಿಗೆ ಉಕ್ಕಿನ ಉಂಡೆ. ಟ್ರೇಲರಿನ ದೀಪಕ್ಕೆ ವಯರು ಎಳೆದ. ಭಾರ ಎಳೆಯುವಾಗ ಗೇರಿನ ಎಣ್ಣೆ ಕಾಯುತ್ತದೆಂದು ಅದನ್ನು ತಂಪು ಮಾಡಲು ಒಂದು ಸಣ್ಣ ರೇಡಿಯೇಟರ್ ಇಟ್ಟ. ಹಿಂದಿನ ಟೈರಿಗೆ ಗಾಳಿ ಹೆಚ್ಚಿಸಿದ. ಕೊಕ್ಕೆ ಕಳಚಿದರೂ ಟ್ರೇಲರ್ ಹಿಡಿದುಕೊಳ್ಳಲಿ ಎಂದು ಎರಡು ಸರಪಳಿ ಕೊಟ್ಟ. ಸಂಜೆ ನಾಲ್ಕಾಯಿತು. ಎಲ್ಲ ಸೇರಿ ಅರವತ್ತೈದು ದಿನಾರ್.

ಹೊರಡುವಾಗ ಉಸ್ತಾದ್ ಎರಡು ಮಾತು ಹೇಳಿದ. ‘ದೋಣಿಯೊಳಗಿನ ಸಾಮಾನು ಮುಂದೆ ಇಡಿ, ಕೊಕ್ಕೆಯ ಮೇಲೆ ಭಾರ ಕೂರಬೇಕು. ಟ್ರೇಲರ್ ಓಲಾಡಿದರೆ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಡಿ.’

ನನಗೆ ನಗು ಬಂತು. ‘ನೀನು ಯಾವತ್ತಾದರೂ ದೋಣಿ ಇಳಿಸಿದ್ದುಂಟಾ?’

‘ಇಲ್ಲ ಅಮ್ಮಾಜಿ. ನಮ್ಮೂರಿನಲ್ಲಿ ಕೆರೆಯೂ ಇಲ್ಲ.’

‘ಮತ್ತೆ?’ ಎಂದೆ. ಅವನು ಕೈ ಒರೆಸಿಕೊಂಡು ಮುಂದಿನ ಕಾರಿನ ಕಡೆ ಹೋದ.

ಶುಕ್ರವಾರ ಎಂಟಕ್ಕೆ ಸಲ್ವಾ ಮುಟ್ಟಿದೆವು. ಹನ್ನೆರಡು ವರ್ಷದ ಮೊಮ್ಮಗಳು ದೀಕ್ಷಾಳೂ ಬಂದಿದ್ದಳು. ಟ್ರೇಲರನ್ನು ಉಂಡೆಗೆ ಸಿಕ್ಕಿಸಿ ಸರಪಳಿ ಹಾಕಿದೆವು. ಐಸ್ ಪೆಟ್ಟಿಗೆ, ಎರಡು ಪೆಟ್ರೋಲ್ ಕ್ಯಾನು, ಲಂಗರು, ಹಗ್ಗ ಎಲ್ಲ ದೋಣಿಗೆ ಹಾಕಬೇಕಿತ್ತು.

‘ಅಮ್ಮ, ಉಸ್ತಾದ್ ಮುಂದೆ ಇಡಲು ಹೇಳಿದ್ದಲ್ಲವಾ?’ ಎಂದ ಮಗ.

‘ಅವನಿಗೆ ಎಂತ ಗೊತ್ತು ಮಾರಾಯ? ಮೂತಿಗೆ ಭಾರ ಹಾಕಿದ ದೋಣಿ ಮೊದಲ ತೆರೆಗೇ ಮುಳುಗುತ್ತದೆ. ನಿನ್ನ ಅಪ್ಪ ಎಲ್ಲಿ ಇಡುತ್ತಿದ್ದರು? ಹಿಂದೆ ಇಡು.’

ನಮ್ಮ ಕಡಲತೀರದಲ್ಲಿ ಹಾಗೆಯೇ. ದಡದ ತೆರೆ ಹತ್ತಲು ಮೂತಿ ಹಗುರ ಇರಬೇಕು. ನಲವತ್ತು ವರ್ಷ ಮರಳಿನ ಮೇಲೆ ನಿಂತು ದೋಣಿ ತುಂಬಿಸಿದವಳು ನಾನು. ಎಲ್ಲವನ್ನೂ ಎಂಜಿನಿನ ಪಕ್ಕಕ್ಕೆ ಹಾಕಿಸಿದೆ.

ಖೈರಾನ್‌ಗೆ ತೊಂಬತ್ತು ಕಿಲೋಮೀಟರ್. ಅರವತ್ತರ ವೇಗದವರೆಗೆ ಏನೂ ಆಗಲಿಲ್ಲ. ಊರು ಮುಗಿದು ಎರಡೂ ಕಡೆ ಮರುಭೂಮಿ ಬಂದಾಗ ಮಗ ಎಂಬತ್ತಕ್ಕೆ ಏರಿಸಿದ. ಪಕ್ಕದಲ್ಲಿ ಒಂದು ದೊಡ್ಡ ಲಾರಿ ಹಾದುಹೋಯಿತು.

‘ಡ್ಯಾಡಿ, ದಿ ಬೋಟ್ ಈಸ್ ಡ್ಯಾನ್ಸಿಂಗ್!’ ಎಂದು ದೀಕ್ಷಾ ಹಿಂದಿನಿಂದ ಕೂಗಿದಳು.

ಕನ್ನಡಿಯಲ್ಲಿ ನೋಡಿದೆ. ದೋಣಿ ಎಡಕ್ಕೆ ಬಲಕ್ಕೆ ಬಾಲ ಬೀಸುತ್ತಿತ್ತು. ಒಂದೊಂದು ಬೀಸಿಗೂ ಕಾರಿನ ಹಿಂಬದಿಯನ್ನು ಹಿಡಿದು ಎಳೆಯುತ್ತಿತ್ತು. ಮಗನ ಕಾಲು ಬ್ರೇಕಿನ ಕಡೆ ಹೋಯಿತು. ‘ಒತ್ತಬೇಡ! ಉಸ್ತಾದ್ ಹೇಳಿದ್ದು ನೆನಪಿಲ್ಲವಾ!’ ಎಂದು ಕಿರುಚಿದೆ. ಅವನು ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡಿದ. ವೇಗ ಇಳಿದ ಮೇಲೆ ಓಲಾಟ ನಿಂತಿತು. ರಸ್ತೆಯ ಬದಿಗೆ ನಿಲ್ಲಿಸಿದೆವು.

ಮಗ ಬೆವರಿನಲ್ಲಿ ಒದ್ದೆಯಾಗಿದ್ದ. ‘ಖಲಾಸ್ ಅಮ್ಮ. ಲಾರಿ ಕರೆಸುತ್ತೇನೆ. ಕೆಲಸ ಆ ಡ್ರೈವರ್‌ಗೇ ಹೋಗಲಿ.’

ಇಳಿದು ಹೋಗಿ ಕೊಕ್ಕೆಯ ಹತ್ತಿರ ಟ್ರೇಲರನ್ನು ಹಿಡಿದು ಅಲುಗಿಸಿದೆ. ಮೇಲಕ್ಕೆ ಏಳಲು ಕಾದು ಕೂತ ಹಾಗೆ ಹಗುರವಾಗಿತ್ತು. ಎಲ್ಲಿ ತಪ್ಪಿತೆಂದು ಆಗ ಗೊತ್ತಾಯಿತು. ನೀರಿಗೆ ತುಂಬಿಸುವ ಹಾಗೆ ರಸ್ತೆಗೆ ತುಂಬಿಸಿದ್ದೆವು. ತುಂಬಿಸಲು ಹೇಳಿದವಳು ನಾನೇ.

‘ಲಾರಿ ಬೇಡ. ತಪ್ಪು ನನ್ನದು. ದೋಣಿ ಹತ್ತು’ ಎಂದೆ.

‘ಈ ಬಿಸಿಲಿಗಾ?’

‘ಬಿಸಿಲು ನಿನಗೊಬ್ಬನಿಗೆ ಅಲ್ಲ.’

ಬೆಳಗ್ಗೆ ಸಾಮಾನು ಎತ್ತಿ ಅವನ ಸೊಂಟ ಹಿಡಿದುಕೊಂಡಿತ್ತು, ಇನ್ನು ಕ್ಯಾನು ಎತ್ತಲು ಆಗುತ್ತಿರಲಿಲ್ಲ. ನಾನೇ ಟ್ರೇಲರ್ ಹತ್ತಿ ಕ್ಯಾನುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದೆ. ನನಗೆ ಎಪ್ಪತ್ತೊಂದು. ಐಸ್ ಪೆಟ್ಟಿಗೆಯನ್ನು ಅವನೂ ದೀಕ್ಷಾಳೂ ನೂಕಿದರು. ಮರಳುಗಾಳಿ ಬಾಯಿಗೆ ನುಗ್ಗುತ್ತಿತ್ತು. ಲಂಗರನ್ನು ಮೂತಿಯೊಳಗೆ ಕಟ್ಟಿದೆವು. ಮತ್ತೆ ಅಲುಗಿಸಿದೆ. ಈ ಸಲ ಅಲುಗಲಿಲ್ಲ. ಕಾರಿನ ಹಿಂಬದಿ ಎರಡು ಬೆರಳಷ್ಟು ತಗ್ಗಿ ಕೂತಿತು.

ಎಂಬತ್ತರಲ್ಲಿ ಹೋದೆವು. ಇನ್ನೊಂದು ಲಾರಿ ಹಾದುಹೋಯಿತು. ದೋಣಿ ಕದಲಲಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಖೈರಾನ್.

ಅಬು ನಾಸರ್ ಬಾಗಿಲಲ್ಲೇ ನಿಂತಿದ್ದ. ಗಡಿಯಾರ ನೋಡಿದ. ಕಾರಿನ ಹಿಂದೆ ಬಗ್ಗಿ ಕೊಕ್ಕೆ ಮುಟ್ಟಿದ, ಸರಪಳಿ ಎಳೆದು ನೋಡಿದ. ‘ತಮಾಮ್, ಎಲ್ಲ ಸರಿ. ಯಲ್ಲಾ, ನಡೆ ನೀರಿಗೆ’ ಎಂದ. ಮಗ ಟ್ರೇಲರನ್ನು ಇಳಿಜಾರಿನಲ್ಲಿ ಹಿಂದೆ ಬಿಡತೊಡಗಿದ. ಹೊರಗೆ ಗಾಳಿಗೆ ತೆರೆ ಎದ್ದಿತ್ತು.

‘ನಿಲ್ಲಿಸು’ ಎಂದೆ. ‘ಈಗ ಎಲ್ಲ ಹಿಂದಕ್ಕೆ.’

‘ಅಮ್ಮಾ! ಮೊದಲು ಹಿಂದೆ ಅಂದಿರಿ, ಆಮೇಲೆ ಮುಂದೆ. ಈಗ ಪುನಃ ಹಿಂದೆಯಾ?’

‘ರಸ್ತೆ ಮುಗಿಯಿತಲ್ಲ ಮಗಾ.’

ಮುದುಕಿ ಏನು ಹೇಳುತ್ತಾಳೆ ಎಂದು ಅಬು ನಾಸರ್ ಕೇಳಿದ. ಮಗ ಅರಬಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ, ನನ್ನ ತಪ್ಪನ್ನೂ ಬಿಡದೆ. ಅಬು ನಾಸರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಮಾನು ಹಿಂದಕ್ಕೆ ಸರಿಸಿ ಅವನೂ ಮಗನೂ ದೋಣಿಯಲ್ಲಿ ಒಂದು ಸುತ್ತು ಹೋದರು. ದೋಣಿ ಮೂತಿ ಎತ್ತಿ ತೆರೆ ಹತ್ತಿದ್ದನ್ನು ನೋಡಿದ ಮೇಲೆ ಎಂಜಿನಿನ ಬೀಗದ ಕೈಯನ್ನು ಮಗನ ಅಂಗೈಗೆ ಹಾಕಿದ. ಟೈಲ್ಸ್ ಪೆಟ್ಟಿಗೆಯನ್ನು ಭಾನುವಾರದಿಂದ ಬೇರೆ ಯಾರಾದರೂ ಎತ್ತಲಿ.

ಸಂಜೆ ಟ್ರೇಲರ್ ಇಲ್ಲದ ಕಾರಿನಲ್ಲಿ ಹಿಂದಿರುಗಿದೆವು. ಮರುದಿನ ಮಗನ ಕಾರಿನಲ್ಲಿ ರಾಯ್‌ಗೆ ಹೋಗಿ ಉಸ್ತಾದನ ಕೈಗೆ ಎರಡು ಮೀನು ಕೊಟ್ಟೆ. ‘ನಿನ್ನ ಮಾತು ಸರಿ’ ಎಂದೆ. ದೋಣಿ ಇಳಿಸಿದ್ದೀಯಾ ಎಂದು ಕೇಳಿದ್ದಕ್ಕೆ ಮಾತ್ರ ಕ್ಷಮೆ ಕೇಳಲಿಲ್ಲ. ದೋಣಿ ಇಳಿಸುವುದು ಅವನಿಗೆ ಈಗಲೂ ಬರುವುದಿಲ್ಲ.