ಮೈಲುತುತ್ತದ ಐದು ನೀರು

ಮೈಲುತುತ್ತದ ಸೂತ್ರದಲ್ಲಿ ಐದು ನೀರಿದೆ. ಆ ಐದು ನೀರನ್ನು ಬರೆಯಲಾರದೆ ನಮ್ಮವ್ವ ಒಂದು ಬೇಸಿಗೆಯೆಲ್ಲ ಒದ್ದಾಡಿದಳು.

ತೊಂಬತ್ತರ ದಶಕದ ಮಾತು. ದೇವನೂರಿನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಓಡಾಡಿಕೊಂಡು ನಾನು ಪಿಯುಸಿ ಓದುತ್ತಿದ್ದೆ. ಸರ್ಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದ ಅಪ್ಪ ಆ ವರ್ಷ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅನುಕಂಪದ ಮೇಲೆ ಅವ್ವನಿಗೆ ಕೆಲಸ ಸಿಗುವುದಿತ್ತು. ಎಸ್ಸೆಸ್ಸೆಲ್ಸಿ ಪಾಸಾದರೆ ಗುಮಾಸ್ತೆಯ ಕುರ್ಚಿ, ಇಲ್ಲದಿದ್ದರೆ ಸಾಹೇಬರ ಬಾಗಿಲ ಬಳಿ ಅಪ್ಪ ಕೂರುತ್ತಿದ್ದ ಅದೇ ಸ್ಟೂಲು. ಅವ್ವ ಹುಡುಗಿಯಾಗಿದ್ದಾಗ ವಿಜ್ಞಾನವೊಂದರಲ್ಲಿ ಡುಮ್ಕಿ ಹೊಡೆದು, ಮದುವೆಯಾಗಿ ಬಂದವಳು. ಈಗ ಆ ಒಂದು ವಿಷಯಕ್ಕೆ ಮತ್ತೆ ಪರೀಕ್ಷೆ ಕಟ್ಟಿದಳು. ಅವಳಿಗೆ ಮೇಷ್ಟ್ರು ಮಗಳಾದ ನಾನೇ, ಅದೂ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮೇಷ್ಟ್ರು.

ತಾಮ್ರದ ಪಾಠ ಬಂತು. ಕ್ಯೂಪ್ರಸ್, ಕ್ಯೂಪ್ರಿಕ್ ಎರಡನ್ನೂ "ಅವಳಿಜವಳಿ ಎಸ್ರು" ಎಂದು ನಗುತ್ತ ಕಲಿತಳು. ಹಂಡೆಯ ಕಿಲುಬಿಗೂ ಕಾರ್ಬೊನೇಟ್ ಅನ್ನುವ ಹೆಸರಿದೆಯೆಂದಾಗ, ಹುಣಸೆಹಣ್ಣು ಹಾಕಿ ಉಜ್ಜುತ್ತ ಅದನ್ನೂ ಬಾಯಿಪಾಠ ಮಾಡಿದಳು. ಮೈಲುತುತ್ತಕ್ಕೆ ಬಂದಾಗ ಮಾತ್ರ CuSO₄ ಬರೆದು, ಪಕ್ಕದಲ್ಲೊಂದು ಚುಕ್ಕಿ ಇಟ್ಟು, ಪೆನ್ನು ಕೆಳಗಿಡುತ್ತಿದ್ದಳು.

"ಐದು ನೀರು ಎಲ್ಲವ್ವ?" ಎಂದು ಒಂದು ದಿನ ರೇಗಿದೆ. "ಸ್ಫಟಿಕ ಜಲ ಬರೀದಿದ್ರೆ ಮಾರ್ಕ್ಸ್ ಕೊಡಲ್ಲ."

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. "ಅದು ನಿಮ್ಮಪ್ಪನ ಬೂದಿ ಬುಟ್ಟ ನೀರಲ್ವೇನವ್ವ? ಅದ್ನೆಂಗೆ ಬರೀಲಿ?"

ತಿರುಮಕೂಡಲಿನ ಸಂಗಮದಲ್ಲಿ ಕಾವೇರಿ, ಕಪಿಲೆಯರ ಜೊತೆ ಕಣ್ಣಿಗೆ ಕಾಣದೆ ಸೇರುವ ಮೂರನೆಯ ನೀರಿಗೆ ಸ್ಫಟಿಕ ಸರೋವರ ಎನ್ನುತ್ತಾರೆ. ಅಪ್ಪನ ಬೂದಿ ಬಿಟ್ಟ ದಿನ ಪುರೋಹಿತರು ಆ ಹೆಸರು ಹೇಳಿ ಅವ್ವನ ಕೈಯಲ್ಲಿ ನೀರು ಬಿಡಿಸಿದ್ದರು. ಪುಸ್ತಕದಲ್ಲಿರುವುದೂ ಅದೇ ನೀರು ಎಂದು ಅವಳು ತಿಳಿದಿದ್ದಳು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಸಂಕಟವಾಯಿತು.

ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಗೊಬ್ಬರದ ಅಂಗಡಿಯಿಂದ ಒಂದು ಚೂರು ಮೈಲುತುತ್ತ ತಂದೆ. "ವಿಸ ಕಣವ್ವ, ಒಳಕ್ಕೆ ತರಬ್ಯಾಡ" ಎಂದಳು ಅವ್ವ. ಜಗಲಿಯ ಮೇಲೆ ಸೀಮೆಎಣ್ಣೆ ಸ್ಟವ್ ಹಚ್ಚಿ, ಬಿಸಾಡುವ ಚಮಚವೊಂದರಲ್ಲಿ ಅದನ್ನು ಕಾಯಿಸಿದೆ. ನೀಲಿಯೆಲ್ಲ ಹೋಗಿ ಬೆಳ್ಳಗೆ ಪುಡಿಯಾಯಿತು.

"ಬೂದಿಯಂಗೇ ಆಗೋಯ್ತಲ್ಲ" ಎಂದಳು ಅವ್ವ.

ಆರಿದ ಮೇಲೆ ಅವಳ ಕೈಯಲ್ಲೇ ಚೊಂಬಿನ ನೀರು ಚಿಮುಕಿಸಿದೆ. ನೀಲಿ ತಿರುಗಿ ಬಂತು. "ಯಾವ ಊರಿನ ನೀರಾದ್ರೂ ಅಷ್ಟೇ ಅವ್ವ. ಹರಳಿನೊಳಗೆ ಸೇರ್ಕೊಂಡಿದ್ರೆ ಅದಕ್ಕೆ ಸ್ಫಟಿಕ ಜಲ ಅಂತಾರೆ."

ಅವ್ವ ಚಮಚವನ್ನೇ ನೋಡುತ್ತಿದ್ದಳು. ನೋಡುತ್ತಲೇ ಕೇಳಿದಳು, "ಎಲ್ಲಾ ಬೂದಿಗೂ ಇಂಗಾಯ್ತದಾ?"

"ಇಲ್ಲ ಕಣವ್ವ. ಇದಕ್ಕೆ ಮಾತ್ರ."

ಅವ್ವ ಸ್ಟವ್ ಆರಿಸಿ, ಕೈ ತೊಳೆದು ಬಂದು, ಚುಕ್ಕಿಯ ಪಕ್ಕದಲ್ಲಿ 5H₂O ಬರೆದಳು. ಅಕ್ಷರ ಸೊಟ್ಟಗಿತ್ತು. ನಾನು ತಿದ್ದಲಿಲ್ಲ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತಂತೆ. ಅವ್ವ ಅಂತೂ ಇಂತೂ ಪಾಸಾದಳು, ಆರ್ಡರೂ ಬಂತು. ಕೆಲಸಕ್ಕೆ ಸೇರುವ ಮುಂಚೆ ಸಂಗಮಕ್ಕೆ ಹೋಗಿಬರೋಣ ಎಂದಳು. ಮೊಣಕಾಲುದ್ದ ನೀರಿಗಿಳಿದು ಬೊಗಸೆ ತುಂಬಿಕೊಂಡು ಅಪ್ಪನಿಗೆ ಹೇಳಿದಳು:

"ಐದು ನೀರೂ ಬರ್ದೆ ಕಣ್ರೀ. ನಿಮ್ಮ ಸ್ಟೂಲ್ಗೆ ಇನ್ ಬ್ಯಾರೆಯವರು ಬತ್ತಾರೆ."

ಅಪ್ಪ ಹೋದಾಗ ಎಲ್ಲರಿಗೂ ಸಮಾಧಾನ ಹೇಳಿಕೊಂಡು ನಿಂತಿದ್ದ ಅವ್ವ, ಬಿಕ್ಕಿ ಬಿಕ್ಕಿ ಅತ್ತದ್ದು ಅವತ್ತು.