ಕಮ್ಮಾರ ನ್ಯಾನ್ಕೊರೊ ಬೈಯುವುದು ಬಿಟ್ಟ ವರ್ಷ

ಬಾನಿ ನದಿಯ ಈಚೆ ದಡದ ನ್ಯಾಮಬುಗು ಊರಿನಲ್ಲಿ ನ್ಯಾನ್ಕೊರೊ ಬಾಲೊನಷ್ಟು ಚೆನ್ನಾಗಿ ಬೈಯುವವನು ಇನ್ನೊಬ್ಬನಿರಲಿಲ್ಲ. ಕಸುಬಿನಲ್ಲಿ ಕಮ್ಮಾರ, ವಯಸ್ಸು ಅರವತ್ತು ದಾಟಿತ್ತು. ಮಳೆಗಾಲದಲ್ಲಿ ಸಜ್ಜೆ ಬಿತ್ತುತ್ತಿದ್ದ, ಉಳಿದ ಕಾಲದಲ್ಲಿ ಕುಲುಮೆ ಊದಿ ಗುದ್ದಲಿ, ಕುಡುಗೋಲು ಮಾಡುತ್ತಿದ್ದ. ಅವನ ಬಾಯಿ ಕೇಳಲೆಂದೇ ಕುಲುಮೆಯ ಮುಂದೆ ನಾಲ್ಕು ಜನ ಸದಾ ಕೂತಿರುತ್ತಿದ್ದರು. ಆದರೆ ಬೈಗುಳಗಳಲ್ಲಿ ಒಳ್ಳೊಳ್ಳೆಯವನ್ನೆಲ್ಲ ಅವನು ಒಬ್ಬನಿಗಾಗಿ ಎತ್ತಿಟ್ಟುಕೊಂಡಿರುತ್ತಿದ್ದ. ಆ ಒಬ್ಬ ದನಗಾಹಿ ಹಮ್ಮಾದಿ.

ಹಮ್ಮಾದಿ ಫುಲಾನಿ, ದನದ ಹಿಂದೆ ಊರೂರು ತಿರುಗುವ ಜನ. ಕಮ್ಮಾರರಿಗೂ ಫುಲಾನಿಗಳಿಗೂ ಮುತ್ತಜ್ಜಂದಿರ ಕಾಲದಿಂದ ಬೈಗುಳದ ನಂಟು. ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಕೋಪ ಮಾಡಿಕೊಳ್ಳುವಂತಿಲ್ಲ, ಕೈ ಎತ್ತುವುದಂತೂ ಇಲ್ಲವೇ ಇಲ್ಲ. ಪ್ರತಿ ವರ್ಷ ಸಜ್ಜೆ ಕೊಯ್ಲು ಮುಗಿದ ಮೇಲೆ ಹಮ್ಮಾದಿ ಎಂಬತ್ತು ದನ ಹೊಡೆದುಕೊಂಡು, ಹೊಲಗಳ ನಡುವೆ ದನಕ್ಕೆಂದೇ ಬಿಟ್ಟಿದ್ದ ದನದ ದಾರಿಯಲ್ಲಿ ಬಂದು ನ್ಯಾನ್ಕೊರೊನ ಹೊಲದ ಅಂಚಿನಲ್ಲಿ ನಿಂತುಬಿಡುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. ಹೊಲದೊಳಗಿನಿಂದ ನ್ಯಾನ್ಕೊರೊ ಕೂಗಬೇಕು.

"ಏನ್ಲಾ ಗುಲಾಮ, ಇನ್ನೂ ಸತ್ತಿಲ್ವಾ?"

"ನಿನ್ನ ಮಾರದೆ ಹೆಂಗ್ಲಾ ಸಾಯ್ಲಿ? ಅಲಸಂದೆ ತಿಂದೂ ತಿಂದೂ ಊದ್ಕೊಂಡಿದೀಯ, ಈ ಸಲ ಒಳ್ಳೆ ಬೆಲೆ ಬರುತ್ತೆ."

ಇಷ್ಟಾದರೆ ದನಗಳು ಒಳಗೆ. ಮೂರು ತಿಂಗಳು ಅವು ಕೊಯ್ದ ಸಜ್ಜೆಯ ಕೂಳೆ ಮೇಯುತ್ತಿದ್ದವು, ಹೊಲಕ್ಕೆ ಗೊಬ್ಬರ ಬೀಳುತ್ತಿತ್ತು. ನ್ಯಾನ್ಕೊರೊನ ಹೆಂಡತಿ ಸಾನಾತ ಮಾಡಿದ ಮಡಕೆಗಳು ಹಮ್ಮಾದಿಯ ಬಿಡಾರಕ್ಕೆ ಹೋಗುತ್ತಿದ್ದವು, ಅಲ್ಲಿಂದ ಹಾಲು ಬರುತ್ತಿತ್ತು. ಇಬ್ಬರ ಅಪ್ಪಂದಿರೂ ಹೀಗೇ ಬದುಕಿದ್ದರು.

ಆ ವರ್ಷ ಮಾತ್ರ ಊರಿನ ಗಾಳಿ ಕೆಟ್ಟಿತ್ತು. ನದಿಯ ಆಚೆ ದಡದಲ್ಲಿ ಮೋಟರ್ ಬೈಕಿನ ಮೇಲೆ ಬಂದ ಬಂದೂಕಿನವರು ಎರಡು ಊರು ಸುಟ್ಟಿದ್ದರು. ಯಾರು ಅಂತ ಯಾರೂ ಕಂಡಿಲ್ಲ, ಆದರೆ ಫುಲಾನಿ ಭಾಷೆ ಮಾತಾಡುತ್ತಿದ್ದರಂತೆ. ಆಮೇಲೆ ಈ ಕಡೆಯವರು ಹೋಗಿ ಒಂದು ಫುಲಾನಿ ಬಿಡಾರ ಸುಟ್ಟು ಬಂದರು. ಆ ಸುದ್ದಿಯನ್ನು ನ್ಯಾಮಬುಗುವಿನಲ್ಲಿ ಯಾರೂ ಹೆಚ್ಚಾಗಿ ಆಡಲಿಲ್ಲ. ಬಾಯಿ ಬಿಟ್ಟರೆ ಅಂತೆ, ಅಂತೆ. ಕುಲುಮೆಯ ಮುಂದಿನ ನಗುವೂ ಕಡಿಮೆಯಾಯಿತು.

ಮಳೆಗಾಲದ ನಡುವೆ ಒಂದು ದಿನ ಜುಮಾನ ಕುಲುಮೆಗೆ ಬಂದ. ಇವನು ಊರ ಯಜಮಾನ ಮೊಲೊಬಾಲಿಯ ತಮ್ಮನ ಮಗ. ಊರಿನಲ್ಲಿ ಎಲ್ಲಿ ಹುಳುಕಿದೆ ಅಂತ ಹುಡುಕಿಕೊಂಡು ತಿರುಗುವುದೇ ಕೆಲಸ. ನಿನ್ನ ಹೊಲದ ಮೂಲೆಯಲ್ಲಿ ಹಮ್ಮಾದಿ ಬಿಡಾರ ಹಾಕುವ ಜಾಗ ನೋಡಿ ಬಾ ಅಂದ. ನ್ಯಾನ್ಕೊರೊ ಹೋಗಿ ನೋಡಿದರೆ, ಕರು ಕಟ್ಟುವ ಹಗ್ಗಕ್ಕೆ ಹೊಡೆದಿದ್ದ ಗೂಟವೊಂದು ಚಿಗುರಿಕೊಂಡು ಮೊಣಕಾಲೆತ್ತರ ನಿಂತಿತ್ತು. ಬೇಲಿಗೆ ನೆಡುವ ಮುಳ್ಳುಗಿಡ. ಕೊಂಬೆ ಕಡಿದು ನೆಲಕ್ಕೆ ಹೊಡೆದರೆ ಸಾಕು, ಬೇರು ಬಿಡುವ ಜಾತಿ.

ಬೇರೆ ಊರಿನವರಾದರೆ ನಕ್ಕು ಸುಮ್ಮನಾಗುತ್ತಿದ್ದರು. ನ್ಯಾಮಬುಗುವಿನಲ್ಲಿ ಹಾಗಲ್ಲ. ಹೊರಗಿನಿಂದ ಬಂದವನು ಇಲ್ಲಿ ಮಲಗಬಹುದು, ಮೇಯಿಸಬಹುದು, ಕೇಳಿಕೊಂಡರೆ ಬಿತ್ತಿ ಬೆಳೆಯಲೂಬಹುದು. ಮರ ಮಾತ್ರ ನೆಡುವಂತಿಲ್ಲ. ಮರ ನೆಟ್ಟನೆಂದರೆ ಈ ನೆಲ ನನ್ನದು ಅಂದ ಹಾಗೆ.

"ನಿನ್ನ ಗುಲಾಮ ಗೂಟ ಹೊಡ್ಕೊಂಡು ಕೂತವ್ನೆ, ನೋಡ್ಕೊ" ಅಂದ ಜುಮಾನ.

ನ್ಯಾನ್ಕೊರೊ ಅದನ್ನು ಅಲ್ಲೇ ಕಿತ್ತೆಸೆಯಬಹುದಿತ್ತು. ಎಸೆಯಲಿಲ್ಲ. ಇರಲಿ, ಅವನೇ ಬಂದಾಗ ಏನು ಹೇಳುತ್ತಾನೋ ನೋಡೋಣ ಅಂದುಕೊಂಡ. ಅವನು ಕೆಟ್ಟಿದ್ದು ಇಲ್ಲೇ. ನಾಲ್ಕು ತಿಂಗಳು ಗಿಡ ಬೆಳೆಯಿತು, ಅವನ ತಲೆಯೊಳಗಿನದೂ ಬೆಳೆಯಿತು. ಹಮ್ಮಾದಿ ಹೋದ ವರ್ಷ ನಮ್ಮ ಬಾವಿ ಎಷ್ಟು ಆಳ ಅಂತ ಯಾಕೆ ಕೇಳಿದ? ಅವನ ಮಗನಿಗೆ ಮೋಟರ್ ಬೈಕ್ ಎಲ್ಲಿಂದ ಬಂತು? ಯಜಮಾನರ ಮನೆಯ ಬಾಗಿಲು ಯಾವ ಕಡೆಗಿದೆ ಅಂತ ಕೇಳಿದ್ದನಲ್ಲವೇ? ಕೇಳಿದ್ದನೋ ಇಲ್ಲವೋ, ಕೇಳಿದ್ದ ಹಾಗೆ ನೆನಪಾಗತೊಡಗಿತು.

ಸಾನಾತಳಿಗೆ ಗಂಡನ ಈ ಲೆಕ್ಕಾಚಾರ ಕಂಡು ರೇಗಿತು. ಬಂದ ಕೂಡಲೇ ಬೈದು ಕೇಳಿಬಿಡು, ನೀನು ಬೈದರೆ ಅವನು ಸುಳ್ಳು ಹೇಳುವುದಿಲ್ಲ ಅಂದಳು.

"ಇದು ತಮಾಷೆ ವಿಷಯ ಅಲ್ಲ ಕಣೆ."

"ತಮಾಷೆ ಅಲ್ಲದ್ದು ಕೇಳೋಕೇ ಅಲ್ವಾ ಬೈಗುಳ ಇರೋದು?"

ಕೊಯ್ಲು ಮುಗಿದು ಎಂಟು ದಿನಕ್ಕೆ, ಬಿಸಿಲೇರುವ ಮುಂಚೆ, ಹಮ್ಮಾದಿ ಬಂದು ಹೊಲದ ಅಂಚಿನಲ್ಲಿ ನಿಂತ. ಗಿಡದ ಪಕ್ಕದಲ್ಲಿ ಯಜಮಾನ ಮೊಲೊಬಾಲಿ, ಜುಮಾನ, ಜೊತೆಗೆ ಏಳೆಂಟು ಜನ. ಇಬ್ಬರ ಹೆಗಲಿಗೆ ಬೇಟೆಯ ಬಂದೂಕು. ಎಲ್ಲರೂ ನ್ಯಾನ್ಕೊರೊನ ಬಾಯಿಯನ್ನೇ ನೋಡುತ್ತಿದ್ದರು. ಬೈದರೆ ಇವನೂ ಅವನ ಕಡೆಯೇ ಅನ್ನುತ್ತಾರೆ ಅನ್ನಿಸಿತು ಅವನಿಗೆ.

"ನಮಸ್ಕಾರ ಹಮ್ಮಾದಿಯವರೇ" ಅಂದ. "ದಾರಿ ಸುಖವಾಗಿತ್ತಾ? ಮನೆಯವರೆಲ್ಲ ಕ್ಷೇಮವಾ?"

ಹಮ್ಮಾದಿ ತಿರುಗಿ ಹಿಂದೆ ನೋಡಿದ, ಬೇರೆ ಯಾರಾದರೂ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಮುಖದ ಮೇಲೆ ಮೂಡಿದ್ದ ನಗು ಹಾಗೇ ನಿಂತಿತು. ಆಮೇಲೆ ಬಂದೂಕುಗಳನ್ನು ಕಂಡ.

"ಈ ಗಿಡದ ವಿಷಯ ನೀವು ಸ್ವಲ್ಪ ಹೇಳ್ಬೇಕಿತ್ತು" ಅಂದ ನ್ಯಾನ್ಕೊರೊ.

ಹಮ್ಮಾದಿ ಗಿಡ ನೋಡಿದ, ನ್ಯಾನ್ಕೊರೊನ ಮುಖ ನೋಡಿದ. ಒಮ್ಮೆ ಬಾಯಿ ತೆರೆದು, ಯಜಮಾನನ ಕಡೆ ಕಣ್ಣು ಹಾಯಿಸಿ ಮುಚ್ಚಿದ. ಮೊದಲ ಸಲ ಕರೆಯಿಲ್ಲದೆ ಹೊಲದೊಳಗೆ ಬಂದು, ಗಿಡವನ್ನು ಎರಡೂ ಕೈಯಲ್ಲಿ ಅಲುಗಿಸಿ ಬೇರು ಸಮೇತ ಕಿತ್ತು ನ್ಯಾನ್ಕೊರೊನ ಕಾಲ ಬಳಿ ಇಟ್ಟ. ಬಂದ ದಾರಿಯಲ್ಲೇ ದನಗಳನ್ನು ತಿರುಗಿಸಿಕೊಂಡು ಹೊರಟ. ಕಳ್ಳನಿಗೆ ಬಾಯೆಲ್ಲಿಂದ ಬರಬೇಕು ಅಂತ ಜುಮಾನ ಎಲ್ಲರಿಗೂ ಕೇಳುವಂತೆ ಅಂದ.

ಜನ ಹೋದ ಮೇಲೆ ನ್ಯಾನ್ಕೊರೊ ಆ ಗೂಟ ಎತ್ತಿ ಮಣ್ಣು ಒರೆಸಿದ. ಊರಿನವರು ಗೂಟದ ಮೊನೆಯನ್ನು ನಾಲ್ಕು ಕಡೆ ಕೆತ್ತುತ್ತಾರೆ, ಫುಲಾನಿಗಳು ಸುತ್ತ ಕೆತ್ತಿ ಗುಂಡಗೆ ಮಾಡುತ್ತಾರೆ. ಮೂರೇ ಏಟಿಗೆ ಮೊನೆ ತೆಗೆಯುವವನು ನ್ಯಾನ್ಕೊರೊ ಒಬ್ಬನೇ. ಅದೇ ಅವನ ಜಂಬ. ಈ ಮೊನೆಗೆ ಮೂರು ಮುಖ.

ಆಗ ಎಲ್ಲ ನೆನಪಾಯಿತು. ಹೋದ ವರ್ಷ ಒಂದು ಕರು ಗೂಟ ಮುರಿದಿತ್ತು. ಒಂದು ಗೂಟ ಹೊಡೆಯೋಕೂ ಬಾರದ ಗುಲಾಮ ಅಂತ ಬೈಯುತ್ತ, ತನ್ನ ಬೇಲಿಯ ಕೊಂಬೆ ಕಡಿದು, ತಾನೇ ಕೆತ್ತಿ, ತಾನೇ ಹೊಡೆದಿದ್ದ. ಅದು ಹಮ್ಮಾದಿಗೂ ಗೊತ್ತಿತ್ತು. ಬಂದೂಕಿನ ಮುಂದೆ ಅವನು ಅದನ್ನು ಹೇಳಿದ್ದರೆ, ಫುಲಾನಿಗೆ ನೆಲ ಹಿಡಿದುಕೊಟ್ಟವನು ಕಮ್ಮಾರನೇ ಅಂತಾಗುತ್ತಿತ್ತು. ಅದಕ್ಕೇ ಬಾಯಿ ಮುಚ್ಚಿದ್ದ.

ನ್ಯಾನ್ಕೊರೊ ಓಡಿದ. ಅರವತ್ತು ದಾಟಿದ ಕಾಲು ಎಷ್ಟು ಓಡೀತೋ ಅಷ್ಟು. ದನದ ಧೂಳು ಕಂಡ ಕಡೆಯಿಂದಲೇ ಗುಲಾಮ, ಹಾಲುಗಳ್ಳ, ದನದ ಬಾಲ ಹಿಡಿದು ಹುಟ್ಟಿದವನೇ ಅಂತ ತನಗೆ ಗೊತ್ತಿದ್ದುದನ್ನೆಲ್ಲ ಕೂಗಿದ. ಅಳುತ್ತ ಕೂಗಿದ. ಹಮ್ಮಾದಿ ನಿಂತು, ಟೊಪ್ಪಿಗೆ ತೆಗೆದು, ಅವನು ಹತ್ತಿರ ಬರುವವರೆಗೆ ಕಾದ.

"ನೀವು ವಯಸ್ಸಾದವರು" ಅಂದ. "ಬಿಸಿಲು ಜೋರಾಗಿದೆ, ಮನೆಗೆ ಹೋಗಿ."

ಅಲ್ಲಿಂದ ನ್ಯಾನ್ಕೊರೊ ನೆಟ್ಟಗೆ ಮೊಲೊಬಾಲಿಯ ಅಂಗಳಕ್ಕೆ ಬಂದು ಗೂಟ ಮುಂದಿಟ್ಟು ನಡೆದದ್ದನ್ನು ಹೇಳಿದ. ಯಜಮಾನ ಮೂರು ಮುಖದ ಮೊನೆಯನ್ನು ತಿರುಗಿಸಿ ನೋಡಿ ನಂಬಿದ.

"ಸರಿ, ನೀನೇ ಹೊಡೆದದ್ದು. ಹಂಗಿದ್ಮೇಲೆ ತಪ್ಪಿಲ್ದೋನು ಯಾಕೆ ಬಾಯಿ ಮುಚ್ಕೊಂಡು ಹೋದ? ಒಳಗೆ ಬೇರೆ ಏನೋ ಐತೆ."

"ನನ್ನ ಉಳಿಸೋಕೆ ಕಣಪ್ಪ."

ಅಂಗಳದಲ್ಲಿದ್ದವರೆಲ್ಲ ನಕ್ಕರು. ಫುಲಾನಿ, ನಿನ್ನ ಉಳಿಸೋಕೆ! ಆ ವರ್ಷ ಊರಿನವರು ಅಷ್ಟು ಮನಸಾರೆ ನಕ್ಕಿದ್ದು ಅದೇ ಮೊದಲು.

ಮುಂದಿನ ಮಳೆಗೆ ಮುಂಚೆ, ಇನ್ನು ದನ ಬರುವುದಿಲ್ಲವಲ್ಲ ಎಂದು ಯಜಮಾನ ದನದ ದಾರಿಯನ್ನೇ ಹೊಲ ಮಾಡಿ ಹಂಚಿದ. ತನ್ನ ಹೊಲದ ಪಕ್ಕದ ಪಟ್ಟಿ ನ್ಯಾನ್ಕೊರೊನ ಪಾಲಿಗೆ ಬಂತು. ಬೇಡ ಅನ್ನಬಹುದಿತ್ತು ಅಂತ ಕೂತಲ್ಲಿಂದ ಹೇಳುವುದು ಸುಲಭ. ಬೇಡ ಅಂದವನನ್ನು ಆ ಊರು ಏನೆಂದು ಕರೆಯುತ್ತಿತ್ತೋ ಅವನಿಗೆ ಗೊತ್ತಿತ್ತು. ಅವನು ಗುದ್ದಲಿ ತೆಗೆದುಕೊಂಡು ಹೋಗಿ ಆ ದಾರಿಯಲ್ಲಿ ಸಜ್ಜೆ ಬಿತ್ತಿದ.