ದಿಲ್ಲಿಯ ಮೆಂಬರರಿಗೆ ಅಮ್ಮ ಕೊಡಿಸಿದ ಬೆಲ್ಲ-ನೀರು

ಇದು ೧೯೫೫ನೇ ಇಸವಿಯ ಮಾತು. ನನಗೆ ಆಗ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿತ್ತು. ನಮ್ಮ ಊರು ಪುತ್ತೂರು ತಾಲೂಕಿನ ಈಶ್ವರಮಂಗಲ. ಈಗ ಕೇರಳಕ್ಕೆ ಸೇರಿರುವ ಪಕ್ಕದ ಊರುಗಳೂ ಆಗ ನಮ್ಮ ಜಿಲ್ಲೆಯವೇ. ನಾವೆಲ್ಲರೂ ಮದ್ರಾಸಿಗೆ ಸೇರಿದವರು. ದಿಲ್ಲಿ ಎಂದರೆ ಎಲ್ಲೋ ದೂರದ ಹೆಸರು. ಆ ದಿಲ್ಲಿಗೂ ನನ್ನ ಬದುಕಿಗೂ ಗಂಟು ಬೀಳುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾನು ಸಾಕುಮಗಳು. ನನ್ನನ್ನು ಹೆತ್ತವರು ಅಮ್ಮನ ತಂಗಿ, ಸುಳ್ಯದ ಚಿಕ್ಕಮ್ಮ. ಅವರಿಗೆ ನಾನು ನಾಲ್ಕನೇ ಹೆಣ್ಣು. ಇಲ್ಲಿ ಅಮ್ಮನಿಗೆ ಮಕ್ಕಳೇ ಆಗಿರಲಿಲ್ಲ. ತೊಟ್ಟಿಲಲ್ಲಿದ್ದ ನನ್ನನ್ನು ಅಮ್ಮ ಎತ್ತಿಕೊಂಡು ಬಂದರು. ಅದನ್ನು ನನ್ನಿಂದ ಮುಚ್ಚಿಟ್ಟಿರಲೂ ಇಲ್ಲ. ತಲೆ ಬಾಚುವಾಗ, "ಹೆತ್ತದ್ದು ನನ್ನ ತಂಗಿ. ನಿನ್ನ ಈ ಸಿಕ್ಕುಕೂದಲಿನ ಜೊತೆ ಒದ್ದಾಡುದು ನಾನು" ಎನ್ನುತ್ತಿದ್ದರು. ನನಗೆ ಅದರಲ್ಲಿ ದುಃಖಪಡುವಂಥದ್ದು ಏನೂ ಕಂಡಿರಲಿಲ್ಲ.

ದುಃಖ ಕಂಡದ್ದು ಆ ವರ್ಷದ ಅಜ್ಜನ ತಿಥಿಯ ದಿನ. ಅಪ್ಪನ ತಮ್ಮ, ನಮ್ಮ ಪಕ್ಕದ ಮನೆಯ ಚಿಕ್ಕಪ್ಪ, ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತು ತೆಗೆದರು. "ಅತ್ತಿಗೆ, ಹೀಗೇ ಕೂತ್ರೆ ಆಗುದಿಲ್ಲ. ನಮ್ಮ ಎರಡನೆಯವನನ್ನು ದತ್ತು ತೆಗೊಳ್ಳಿ. ಮನೆಗೆ ಒಬ್ಬ ಗಂಡು ಬೇಡ್ವಾ?"

"ನನಗೆ ಮಗಳು ಉಂಟಲ್ಲ" ಎಂದರು ಅಮ್ಮ.

"ಅದು ಸಾಕಿದ್ದು. ಹೆಣ್ಣನ್ನು ದತ್ತು ತೆಗೊಳ್ಳುದು ಶಾಸ್ತ್ರದಲ್ಲೂ ಇಲ್ಲ, ಕೋರ್ಟಲ್ಲೂ ಇಲ್ಲ. ಒಳ್ಳೆ ಕಡೆ ನೋಡಿ ಮದುವೆ ಮಾಡುವ. ಧಾರೆ ಎರೀಲಿಕ್ಕೆ ಸುಳ್ಯದಿಂದ ಅವಳ ಅಪ್ಪ ಬರ್ಲಿ."

ಚಿಕ್ಕಪ್ಪ ಕೆಟ್ಟವರಲ್ಲ. ಪೇಟೆಗೆ ಹೋದಾಗಲೆಲ್ಲ ನನಗೂ ಅವರ ಮಕ್ಕಳಿಗೂ ಒಂದೇ ಥರದ ಮಿಠಾಯಿ ತರುತ್ತಿದ್ದವರು. ಅವರು ಹೇಳಿದ್ದು ಅಂದಿನ ಕಾನೂನು. ನನಗೆ ಮೈ ಉರಿದದ್ದೂ ಅದಕ್ಕೇ. ಸುಳ್ಳಾಗಿದ್ದರೆ ಜಗಳ ಮಾಡಬಹುದಿತ್ತು. ದತ್ತು ಮಗನೊಬ್ಬ ಬಂದರೆ ಈ ಮನೆಯಲ್ಲಿ ನಾನು ಯಾರು? ಅಪ್ಪ ಅಮ್ಮನ ಕಾಲದ ನಂತರ ಯಾವ ಬಾಯಿಯಿಂದ ಇದು ನನ್ನ ತವರು ಎನ್ನಲಿ? ಆ ಮೇಲೆ ಯಾರಾದರೂ ಸುಳ್ಯ ಎಂದರೆ ಸಾಕು, ನನ್ನನ್ನು ಕಳಿಸುವ ಮಾತು ಬಂತೆಂದು ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ.

ಅಪ್ಪನದು ಮೆದು ಸ್ವಭಾವ. ಎಲ್ಲದಕ್ಕೂ ಅವರದ್ದೊಂದೇ ಉತ್ತರ, "ನೋಡುವ." ತೆಂಗಿನಕಾಯಿ ಕೀಳಿಸುವುದಕ್ಕೂ ನೋಡುವ, ದತ್ತು ಮಗನಿಗೂ ನೋಡುವ.

ನಮ್ಮ ಶಾಲೆಯ ಟೀಚರ್ ಒಬ್ಬರು ಹತ್ತಿರದಲ್ಲೇ ಬಿಡಾರ ಮಾಡಿಕೊಂಡಿದ್ದರು. ಪೇಪರ್ ತರಿಸುತ್ತಿದ್ದರು. ಓದಿ ಮುಗಿಸಿ ಸಂಜೆ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಕೂತು ಅಮ್ಮನಿಗೆ ಸುದ್ದಿ ಹೇಳುವುದು ಅವರ ರೂಢಿ. ಅಮ್ಮ ತೆಂಗಿನಕಾಯಿ ತುರಿಯುತ್ತ ಕೇಳುತ್ತಿದ್ದರು. ಒಂದು ದಿನ ಟೀಚರ್ ಹೇಳಿದರು, "ದಿಲ್ಲಿಯಲ್ಲಿ ಹೊಸ ಕಾನೂನು ಮಾಡ್ಲಿಕ್ಕುಂಟಂತೆ. ಹೆಣ್ಣುಮಕ್ಕಳನ್ನೂ ದತ್ತು ತೆಗೊಳ್ಳಬಹುದು ಅಂತ ಕೆಲವರು, ಬೇಡ ಅಂತ ಕೆಲವರು."

ಅಮ್ಮನ ಕೈ ಹೆರೆಮಣೆಯ ಮೇಲೆಯೇ ನಿಂತಿತು. "ಯಾರನ್ನು ಕೇಳಿ ಮಾಡುದಂತೆ?"

"ಜನರನ್ನು."

"ನನ್ನನ್ನು ಯಾರೂ ಕೇಳ್ಲಿಲ್ಲ."

ಟೀಚರ್ ನಕ್ಕರು. "ದಿಲ್ಲಿಗೆ ಹೋಗುವ ಪಾರ್ಲಿಮೆಂಟ್ ಮೆಂಬರರು ಮುಂದಿನ ವಾರ ಪುತ್ತೂರಿಗೆ ಬರ್ತಾರೆ. ಹೆಂಗಸರ ಮಾತನ್ನೂ ಕೇಳ್ಬೇಕು ಅಂತ ಮಹಿಳಾ ಸಮಾಜದವರು ಒಂದು ಸಭೆ ಇಟ್ಟಿದ್ದಾರೆ. ಬರ್ತೀರಾದ್ರೆ ನಾನೇ ಕರಕೊಂಡು ಹೋಗ್ತೇನೆ."

ಬಳೆಗಾರನೊಬ್ಬನನ್ನು ಬಿಟ್ಟರೆ ಬೇರೆ ಪರ ಗಂಡಸರ ಜೊತೆ ಅಮ್ಮ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡವಳಲ್ಲ. ಆದರೂ ಅಪ್ಪನ ಹತ್ತಿರ ಹೋಗಿ ವಿಷಯ ಹೇಳಿದರು. ಅಪ್ಪ ಎಂದಿನಂತೆ ನೋಡುವ ಎಂದರು. "ನೀವು ನೋಡ್ತಾ ಇರಿ. ನಾನು ಹೋಗಿ ಬರ್ತೇನೆ" ಎಂದರು ಅಮ್ಮ.

ಹೊರಡುವ ದಿನ ಬೆಳಿಗ್ಗೆ ಅಮ್ಮ ತಮ್ಮ ಕೈಚೀಲಕ್ಕೆ ಹುಣಸೆಹುಳಿಯಲ್ಲಿ ಉಜ್ಜಿದ ಹಿತ್ತಾಳೆ ಚೆಂಬನ್ನು ಇಳಿಸಿದರು. ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಓಲೆಬೆಲ್ಲ, ತಾಳೆಮರದ ರಸದ್ದು. ಇದೆಲ್ಲ ಯಾಕೆಂದು ಕೇಳಿದೆ.

"ಅಷ್ಟು ದೂರದಿಂದ ಬರುವ ಮನುಷ್ಯ. ಬೆಲ್ಲ-ನೀರು ಕೊಡದೆ ಕೆಲಸದ ಮಾತು ಎತ್ತುದು ಹೇಗೆ?"

ನಮ್ಮ ಕಡೆಯ ಕ್ರಮವೇ ಹಾಗೆ. ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಬಂದವರು ಅದನ್ನು ಕುಡಿದು ಸುಧಾರಿಸಿಕೊಂಡ ಮೇಲೆಯೇ ಬಂದ ಕಾರಣ ಕೇಳುವುದು. ನಮ್ಮ ಮನೆಯಲ್ಲಿ ಅದು ಮಗಳ ಕೆಲಸ. ನಡೆಯಲು ಕಲಿತಾಗಿನಿಂದ ಅದು ನನ್ನದೇ. ಆದರೆ ಪೇಟೆಯ ಸಭೆಗೆ ಯಾರಾದರೂ ಚೆಂಬು ಹೊತ್ತುಕೊಂಡು ಹೋಗುತ್ತಾರೆಯೇ? ಬಸ್ಸಿನಲ್ಲಿ ಟೀಚರ್ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಸಭೆ ಒಂದು ಶಾಲೆಯ ಹಾಲ್‌ನಲ್ಲಿ. ಮುಂದೆ ಬೆಂಚುಗಳಲ್ಲಿ ಹೆಂಗಸರು, ಹಿಂದೆ ಗೋಡೆಗೆ ಒರಗಿಕೊಂಡು ಗಂಡಸರು. ಮೆಂಬರರು ಬಿಳಿ ಜುಬ್ಬಾ ತೊಟ್ಟ, ನಡುವಯಸ್ಸಿನ, ನಮ್ಮ ಕಡೆಯವರೇ. ಸಮಾಜದ ಇಬ್ಬರು ಬರೆದು ತಂದದ್ದನ್ನು ಚೆನ್ನಾಗಿ ಓದಿದರು. ಅವರು ತಲೆ ಆಡಿಸಿದರು. ಆಮೇಲೆ ಟೀಚರ್ ಎದ್ದು, ಈಶ್ವರಮಂಗಲದಿಂದ ಒಬ್ಬರು ಬಂದಿದ್ದಾರೆ, ಅವರಿಗೂ ಹೇಳಲಿಕ್ಕಿದೆ ಎಂದರು.

ಅಮ್ಮ ಮೊದಲೇ ಶಾಲೆಯ ಬಾವಿಯಿಂದ ಚೆಂಬು ತುಂಬಿಸಿ ಇಟ್ಟುಕೊಂಡಿದ್ದರು. ಅದನ್ನು ನನ್ನ ಕೈಗಿತ್ತು, "ಹೋಗು, ಕೊಡು" ಎಂದರು. ನಾನು ಉದ್ದ ಲಂಗಕ್ಕೆ ಎಡವದಂತೆ ನೋಡಿಕೊಂಡು ಒಂದು ಕೈಯಲ್ಲಿ ಬೆಲ್ಲ, ಒಂದು ಕೈಯಲ್ಲಿ ಚೆಂಬು ಹಿಡಿದು ಹೋದೆ. ಹಿಂದಿನಿಂದ ಯಾರೋ, "ಎಂತ ಮಾರಾಯ್ರೆ, ಇದೇನು ಅವರ ಮನೆಯಾ?" ಎಂದರು. ಹಾಲ್‌ನಲ್ಲಿ ನಗೆ ಎದ್ದಿತು. ನನ್ನ ಕಿವಿ ಬಿಸಿಯಾಯಿತು.

ಮೆಂಬರರು ನಗಲಿಲ್ಲ. ಕುರ್ಚಿಯಿಂದ ಎದ್ದು ನಿಂತು ಬೆಲ್ಲ ಬಾಯಿಗೆ ಹಾಕಿಕೊಂಡರು. ಚೆಂಬು ಎತ್ತಿ ನೀರು ಕುಡಿದರು. ಚೆಂಬು ಮರಳಿ ಕೊಡುವಾಗ, ಯಾವ ಮನೆಯ ಜಗಲಿಯಲ್ಲಾದರೂ ಹಿರಿಯರು ಕೇಳುವಂತೆ ಕೇಳಿದರು, "ಯಾರ ಮಗಳು ಮಗಾ ನೀನು?"

ಅಷ್ಟು ಜನರ ಎದುರು ಆ ಒಂದು ಪ್ರಶ್ನೆ. ಸುಳ್ಯದ ಹೆಸರು ಹೇಳಲೇ, ಈಶ್ವರಮಂಗಲದ್ದು ಹೇಳಲೇ? ಕೊನೆಗೆ ಅಮ್ಮನ ಕಡೆ ಬೆರಳು ತೋರಿಸಿ, "ಅವರ ಮಗಳು" ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ.

ಅಮ್ಮ ಎದ್ದು ನಿಂತರು. ಸೆರಗು ಹೊದ್ದುಕೊಂಡಿದ್ದರು.

"ಸ್ವಾಮಿ, ಅವಳು ಈಗ ಹೇಳಿದ್ದು ಸುಳ್ಳು ಅಂತ ಕಾನೂನು ಹೇಳ್ತದಂತೆ. ಅದನ್ನು ಕೇಳ್ಲಿಕ್ಕೇ ನಾನು ಬಂದದ್ದು. ನೀವು ಈಗ ಬೆಲ್ಲ ತಿಂದದ್ದು ಮನೆಯ ಮಗಳ ಕೈಯದ್ದಾ, ಯಾರೋ ದಾರಿಯಲ್ಲಿ ಹೋಗುವವಳ ಕೈಯದ್ದಾ?"

ಹಿಂದೆ ನಿಂತಿದ್ದ ಕೋರ್ಟಿನ ವಯಸ್ಸಾದ ಪ್ಲೀಡರೊಬ್ಬರು ಗಂಟಲು ಸರಿಮಾಡಿಕೊಂಡು ಹೇಳಿದರು, "ಅಮ್ಮ, ದತ್ತು ಅಂತ ಇರುದು ಪಿಂಡ ಹಾಕ್ಲಿಕ್ಕೆ ಗಂಡು ಬೇಕು ಅಂತ. ಹೆಣ್ಣನ್ನು ತೆಗೊಂಡು ಎಂತ ಮಾಡುದು?"

"ಸತ್ತ ಮೇಲಿನದ್ದು ಯಾರಾದ್ರೂ ನೋಡಿಕೊಳ್ಳಲಿ ಅಣ್ಣ. ಬದುಕಿರುವಾಗ ಅಮ್ಮಾ ಅಂತ ಕರೀಲಿಕ್ಕೆ ಒಬ್ರು ಬೇಡ್ವಾ?" ಎಂದ ಅಮ್ಮ ಮತ್ತೆ ಮೆಂಬರರತ್ತ ತಿರುಗಿದರು. "ನನಗೊಬ್ಬಳು ಮಗಳನ್ನು ಕೊಡಿ ಅಂತ ಕೇಳ್ಲಿಕ್ಕೆ ಬಂದದ್ದಲ್ಲ ಸ್ವಾಮಿ. ನನಗೆ ಮಗಳು ಉಂಟು. ಅವಳಿಗೆ ಅಪ್ಪ ಅಮ್ಮ ಉಂಟು, ಮನೆ ಉಂಟು ಅಂತ ನೀವು ಅಲ್ಲಿ ಬರೀಬೇಕು. ನಾಳೆ ನಾವು ಇಲ್ಲದಾಗ ಅವಳಿಗೆ ಯಾರೂ ಮನೆಯಿಂದ ಏಳು ಅನ್ನಬಾರದು."

ಇವತ್ತಿಗೂ ಇದನ್ನು ಬರೆಯುವಾಗ ನನ್ನ ಎದೆ ಉಬ್ಬುತ್ತದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ನನಗೋಸ್ಕರ ಆ ಮಾತು ಆಡಿದ್ದರು.

ಮೆಂಬರರು ಹೇಳಿದರು, "ಅಮ್ಮ, ಕಾನೂನು ಮಾಡುವವ ನಾನೊಬ್ಬನೇ ಅಲ್ಲ. ಆಗ್ತದೆ ಅಂತ ಮಾತು ಕೊಟ್ರೆ ಅದು ಮೋಸ. ಆದ್ರೆ ನೀವು ಹೇಳಿದ್ದನ್ನು ನೀವು ಹೇಳಿದ ಹಾಗೆಯೇ ಅಲ್ಲಿ ಹೇಳ್ತೇನೆ."

"ಹೇಳಿ. ಮರೀಬೇಡಿ" ಎಂದ ಅಮ್ಮ ನನ್ನತ್ತ ನೋಡಿ, "ಚೆಂಬು ತಾ ಮಗಾ, ಬಸ್ಸು ತಪ್ತದೆ" ಎಂದರು. ಈ ಸಲವೂ ಹಾಲ್‌ನಲ್ಲಿ ನಕ್ಕರು. ಆ ನಗುವಿಗೆ ನನ್ನ ಕಿವಿ ಬಿಸಿಯಾಗಲಿಲ್ಲ.

ಸುದ್ದಿ ಊರಿಗೆ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಿಕ್ಕಪ್ಪ ಬಂದು, ಗಂಡಸರ ಎದುರು ಮನೆಯ ವಿಷಯ ಬಿಚ್ಚಿಟ್ಟದ್ದು ಸರಿಯಾ ಎಂದು ಅಪ್ಪನನ್ನು ಕೇಳಿದರು. ಇನ್ನು ಅಪ್ಪ ನೋಡುವ ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ. ಅವರು, "ದತ್ತು ತೆಗೊಳ್ಳುದಾದ್ರೆ ಇವಳನ್ನೇ. ಕಾನೂನು ಬಾರದಿದ್ರೆ ಯಾರನ್ನೂ ಇಲ್ಲ" ಎಂದರು. ಚಿಕ್ಕಪ್ಪ ಎದ್ದು ಹೋದರು. ಆ ಮೇಲೆ ತುಂಬ ಕಾಲ ನಮ್ಮ ಜಗಲಿ ಹತ್ತಲಿಲ್ಲ. ಮಿಠಾಯಿಯೂ ನಿಂತಿತು.

ಮರುವರ್ಷದ ಕೊನೆಯಲ್ಲಿ ಒಂದು ಸಂಜೆ ಟೀಚರ್ ಪೇಪರ್ ಹಿಡಿದು ಓಡಿಕೊಂಡೇ ಬಂದರು. ಕಾನೂನು ಆಗಿತ್ತು. ಹೆಣ್ಣನ್ನೂ ದತ್ತು ತೆಗೆದುಕೊಳ್ಳಬಹುದು. ಹಾಗೆ ಬಂದವಳು ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಸಮ. ಅಮ್ಮ ದೇವರಿಗೆ ದೀಪ ಹಚ್ಚಲು ಏಳುವಷ್ಟರಲ್ಲಿ ಟೀಚರ್ ಅಂದರು, "ಒಂದು ವಿಷಯ ಉಂಟು. ಹದಿನೈದು ತುಂಬಿದವರನ್ನು ತೆಗೊಳ್ಳುವ ಹಾಗಿಲ್ಲ."

ನಾನು ಸಂಕ್ರಾಂತಿ ಕಳೆದ ಮೇಲೆ ಹುಟ್ಟಿದವಳು. ಸಂಕ್ರಾಂತಿ ಬಾಗಿಲಲ್ಲೇ ಇತ್ತು. ಇನ್ನೊಂದು ಮಾತೂ ಇತ್ತು. ಹೆತ್ತವರು ತಾವಾಗಿ ಕೊಡಬೇಕು, ಇವರು ತೆಗೆದುಕೊಳ್ಳಬೇಕು. ಸುಳ್ಯದವರು ಒಪ್ಪದಿದ್ದರೆ? ಅಪ್ಪ ಮರುದಿನವೇ ತಾವೇ ಸುಳ್ಯಕ್ಕೆ ಹೋದರು. ಅವರು ತಿರುಗಿ ಬರುವವರೆಗೆ ಅಮ್ಮ ಒಲೆಯ ಮುಂದೆ ಕೂತಲ್ಲೇ ಕೂತಿದ್ದರು.

ಸುಳ್ಯದ ಚಿಕ್ಕಮ್ಮ ಮತ್ತು ಅವರ ಯಜಮಾನರು ಬಂದರು. ನಾನೇ ಬೆಲ್ಲ-ನೀರು ಕೊಟ್ಟೆ. ಚಿಕ್ಕಮ್ಮ ನೀರು ಕುಡಿದು ಚೆಂಬನ್ನು ಮಡಿಲಲ್ಲೇ ಇಟ್ಟುಕೊಂಡರು. "ಅಕ್ಕ, ಆವತ್ತೇ ಕೊಟ್ಟಾಗಿತ್ತಲ್ಲ. ಇನ್ನೊಮ್ಮೆ ಯಾಕೆ ಕೊಡಿಸ್ತಿ?" ಎಂದು ಅತ್ತರು.

ಅಮ್ಮ ತಂಗಿಯ ಪಕ್ಕದಲ್ಲಿ ಕೂತು ಬೆನ್ನು ಸವರಿದರು. "ಆವತ್ತು ಕೊಟ್ಟದ್ದು ನನಗೋಸ್ಕರ. ಇವತ್ತು ಅವಳಿಗೋಸ್ಕರ ಕೊಡು."

ಚಿಕ್ಕಮ್ಮ ಕಣ್ಣೊರೆಸಿಕೊಂಡು ಹೂಂ ಎಂದರು. ಅವರ ಯಜಮಾನರು ನನ್ನ ಕೈ ಹಿಡಿದು ಅಪ್ಪನ ಕೈಯಲ್ಲಿಟ್ಟರು. ಊರಿನ ನಾಲ್ಕು ಜನ ಹಿರಿಯರೂ ಟೀಚರೂ ಸಾಕ್ಷಿ. ಸಂಕ್ರಾಂತಿ ಆಮೇಲೆ ಬಂತು.

ಅಮ್ಮನ ಮಾತಿನಿಂದಲೇ ದೇಶದ ಕಾನೂನು ಆಯಿತೆಂದು ಹೇಳುವಷ್ಟು ಪೆದ್ದಿ ನಾನಲ್ಲ. ಎಲ್ಲೆಲ್ಲೋ ಎಷ್ಟೋ ಹೆಂಗಸರು ಕೇಳಿದ್ದಾರೆ. ಆದರೆ ಕೇಳಿದವರಲ್ಲಿ ನನ್ನ ಅಮ್ಮನೂ ಒಬ್ಬರು. ಅಷ್ಟು ಜಂಬ ನನಗೆ ಇದೆ.

ಕೆಲವು ವರ್ಷಗಳ ನಂತರ ನನ್ನನ್ನು ಕಾಣಿಯೂರಿಗೆ ಕೊಟ್ಟರು. ಧಾರೆ ಎರೆದದ್ದು ಅಪ್ಪನೇ. ಚಪ್ಪರ ಹಾಕಿಸಲು ಚಿಕ್ಕಪ್ಪ ಕರೆಯದೆಯೇ ಬಂದು ನಿಂತರು. ಆಮೇಲೆ ಒಂದು ಓಟಿನ ಸಮಯ, ನಾನು ತವರಿಗೆ ಬಂದಿದ್ದಾಗ, ಅದೇ ಮೆಂಬರರು ಊರಿಗೆ ಬಂದವರು ನಮ್ಮ ಮನೆ ಹೊಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದೇ ಚೆಂಬಿನಲ್ಲಿ ನೀರು, ಓಲೆಬೆಲ್ಲ ತೆಗೆದುಕೊಂಡು ಹೋದೆ. ಅವರು ಚೆಂಬನ್ನೂ ನನ್ನನ್ನೂ ನೋಡಿ ನಕ್ಕರು. "ಯಾರ ಮಗಳು ಅಂತ ನಾನು ಇನ್ನು ಕೇಳುದಿಲ್ಲ ಮಾರಾಯ್ತಿ. ನಿನ್ನ ಅಮ್ಮನ ಹೆದರಿಕೆ ಉಂಟು."

ಒಳಗಿನಿಂದ ಅಮ್ಮನ ಧ್ವನಿ ಬಂತು. "ಕೇಳಿ ಸ್ವಾಮಿ. ಈಗಲ್ವಾ ಕೇಳ್ಬೇಕಾದ್ದು."

ಅವರು ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಆವತ್ತಿನ ಹಾಗೆಯೇ ಕೇಳಿದರು. ಈ ಸಲ ನಾನು ಬೆರಳು ತೋರಿಸಲಿಲ್ಲ. ಅಪ್ಪನ ಹೆಸರು, ಅಮ್ಮನ ಹೆಸರು, ಮನೆಯ ಹೆಸರು, ಒಂದೂ ಬಿಡದೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿರಬೇಕು. ಆಚೆ ಮನೆಯ ಅಂಗಳದಲ್ಲಿದ್ದ ಚಿಕ್ಕಪ್ಪ ತಲೆ ಎತ್ತಿ ಹೇಳಿದರು, "ಗೊತ್ತುಂಟು ಮಾರಾಯ್ತಿ. ನಮಗೆಲ್ಲ ಗೊತ್ತುಂಟು."